ಹಂದಿ ಸಾಕಣೆಯಲ್ಲಿ ಮದ್ದಿಗೆ ಮಣಿಯದ ಬ್ಯಾಕ್ಟೀರಿಯಾ: ತಡೆಯುವುದು ಹೇಗೆ, ಮನೆಗೆ ತರದಿರುವುದು ಹೇಗೆ?

ಹಂದಿ ಸಾಕುವ ಕಡೆ ಆಂಟಿಬಯಾಟಿಕ್ ಬಾಟಲಿಗಳು ಬೇಗ ಖಾಲಿಯಾಗುವುದು ಯಾವಾಗ ಎಂದು ಗಮನಿಸಿ ನೋಡಿ. ಬಹುತೇಕ ಕಡೆ ಅದು ಮರಿಗಳನ್ನು ತಾಯಿಯಿಂದ ಬೇರೆ ಮಾಡಿದ ಮೊದಲ ಎರಡು ಮೂರು ವಾರ. ಯಾವ ವಯಸ್ಸಿನ ಹಂದಿಗೆ ಎಷ್ಟು ಮದ್ದು ಹೋಯಿತು ಎಂಬುದನ್ನು ದೇಶದ ಮಟ್ಟದಲ್ಲಿ ದಾಖಲಿಸುವ ಡೆನ್ಮಾರ್ಕ್‌ನಲ್ಲೂ ತಲೆವಾರು ಅತಿ ಹೆಚ್ಚು ಚಿಕಿತ್ಸೆ ಪಡೆಯುವುದು ಇದೇ ವಯಸ್ಸಿನ ಮರಿಗಳು. ಆದ್ದರಿಂದ ಮದ್ದಿಗೆ ಮಣಿಯದ ಬ್ಯಾಕ್ಟೀರಿಯಾ ಎಂದ ಕೂಡಲೇ ಇದು ವಿಜ್ಞಾನಿಗಳಿಗೆ, ಸರ್ಕಾರಕ್ಕೆ ಬಿಟ್ಟ ವಿಷಯವೆಂದು ಕೈಚೆಲ್ಲಬೇಕಾಗಿಲ್ಲ. ಸಾಕಣೆದಾರನ ಕೈಯಲ್ಲಿರುವ ಕೆಲಸದ ದೊಡ್ಡ ಪಾಲು ಮರಿಗಳ ಅಂಕಣದಲ್ಲೇ ಇದೆ. ಈ ಬರಹವೂ ಅಲ್ಲೇ ಹೆಚ್ಚು ಹೊತ್ತು ನಿಲ್ಲುತ್ತದೆ.

ಕೊಡಗು, ದಕ್ಷಿಣ ಕನ್ನಡ, ಬೆಂಗಳೂರಿನ ಸುತ್ತಮುತ್ತ ಹತ್ತಿಪ್ಪತ್ತರಿಂದ ಕೆಲವು ನೂರರವರೆಗೆ ಹಂದಿ ಸಾಕುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದೆ. ಉದಾಹರಣೆಗಳು ಹೆಚ್ಚಾಗಿ ನೆದರ್‌ಲ್ಯಾಂಡ್ಸ್, ಡೆನ್ಮಾರ್ಕ್, ನಾರ್ವೆ, ಚೀನಾಗಳಿಂದ ಬಂದಿವೆ. ಈ ವಿಷಯದಲ್ಲಿ ಕೆಟ್ಟು ಕಲಿತವರು ಅವರು. ದಾಖಲೆ ಇಟ್ಟವರೂ ಅವರೇ.

ಶುರು ಮಾಡುವ ಮುನ್ನ: ಎರಡು ಬ್ಯಾಕ್ಟೀರಿಯಾ, ಎರಡು ಬೇರೆ ಕೆಲಸ

ಮೊದಲನೆಯದು ಎಂಆರ್‌ಎಸ್‌ಎ. ಮೂಗಿನಲ್ಲಿ, ಚರ್ಮದ ಮೇಲೆ ಕೂರುವ ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾದ ಮೊಂಡು ತಳಿ ಇದು. ಪೆನಿಸಿಲಿನ್ ಜಾತಿಯ ಮದ್ದುಗಳಿಗೆ ಬಗ್ಗುವುದಿಲ್ಲ. 2004ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಆರು ತಿಂಗಳ ಹೆಣ್ಣು ಮಗುವಿಗೆ ಶಸ್ತ್ರಚಿಕಿತ್ಸೆ ಮಾಡುವ ಮುನ್ನ ನಡೆದ ತಪಾಸಣೆಯಲ್ಲಿ ಇದು ಸಿಕ್ಕಿತು. ಮಗುವಿಗೆ ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದರೆ ತಂದೆತಾಯಿ ಹಂದಿ ಸಾಕುವವರು. ಅಲ್ಲಿಂದ ಹುಡುಕಾಟ ಹಂದಿಗಳ ಕಡೆ ತಿರುಗಿತು. 2007ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಆ ದೇಶದ ಕಸಾಯಿಖಾನೆಗಳಲ್ಲಿ ಪರೀಕ್ಷಿಸಿದ 540 ಹಂದಿಗಳ ಪೈಕಿ ಶೇ 39ರಷ್ಟರ ಮೂಗಿನಲ್ಲಿ ಎಂಆರ್‌ಎಸ್‌ಎ ಇತ್ತು. ಹಂದಿಗಳಲ್ಲಿ ಹಬ್ಬಿದ ಈ ತಳಿಗೆ ಸಿಸಿ398 ಎಂದು ಹೆಸರು. ಸ್ವಾರಸ್ಯವೆಂದರೆ ಇದರ ಮೂಲ ಮನುಷ್ಯ. 2012ರಲ್ಲಿ ವಂಶವಾಹಿಗಳನ್ನು ಹೋಲಿಸಿ ನೋಡಿದಾಗ, ಮನುಷ್ಯರಲ್ಲಿದ್ದ ಸಾಧಾರಣ ಬ್ಯಾಕ್ಟೀರಿಯಾ ಹಂದಿಗೆ ದಾಟಿದ ಮೇಲೆ ಟೆಟ್ರಾಸೈಕ್ಲಿನ್ ಮತ್ತು ಮೆಥಿಸಿಲಿನ್ (ಪೆನಿಸಿಲಿನ್ ಜಾತಿಯದು) ಎಂಬ ಮದ್ದುಗಳನ್ನು ಎದುರಿಸುವ ಶಕ್ತಿ ಪಡೆದುಕೊಂಡಿತೆಂದು ತಿಳಿಯಿತು. ಹಂದಿಯನ್ನು ದೂರುವ ಮುನ್ನ ಇದು ನೆನಪಿರಲಿ.

ಎರಡನೆಯದು ಕರುಳಿನಲ್ಲಿರುವ ಇ. ಕೋಲಿ. ಕೊಲಿಸ್ಟಿನ್ ಎಂಬ ಮದ್ದು ಮನುಷ್ಯರ ಐಸಿಯುಗಳಲ್ಲಿ ಬೇರೆಲ್ಲ ಸೋತಾಗ ಕೈಗೆತ್ತಿಕೊಳ್ಳುವಂಥದ್ದು. ಅದನ್ನು ಸೋಲಿಸುವ, ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಸುಲಭವಾಗಿ ಜಿಗಿಯುವ ಎಂಸಿಆರ್-1 ಎಂಬ ವಂಶವಾಹಿ ಚೀನಾದ ಹಂದಿಗಳಲ್ಲಿ ಪತ್ತೆಯಾದ ಸುದ್ದಿ 2015ರ ನವೆಂಬರ್‌ನಲ್ಲಿ ಹೊರಬಿತ್ತು. ಅಲ್ಲಿ ಕೊಲಿಸ್ಟಿನ್ ಅನ್ನು ಮೈ ಬೆಳೆಸಲೆಂದು ಮೇವಿಗೆ ಬೆರೆಸುತ್ತಿದ್ದರು. 2017ರ ಏಪ್ರಿಲ್ ಕೊನೆಯಿಂದ ಚೀನಾ ಅದನ್ನು ನಿಲ್ಲಿಸಿತು. ಹಂದಿಗಳಿಂದ ಪಡೆದ ಇ. ಕೋಲಿಯಲ್ಲಿ ಕೊಲಿಸ್ಟಿನ್‌ಗೆ ಬಗ್ಗದವುಗಳ ಪ್ರಮಾಣ 2015–16ರಲ್ಲಿ ಶೇ 34 ಇದ್ದದ್ದು 2017–18ಕ್ಕೆ ಶೇ 5.1ಕ್ಕೆ ಇಳಿಯಿತು. ಭಾರತ 2019ರ ಜುಲೈಯಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ತಯಾರಿಕೆ, ಮಾರಾಟ, ಹಂಚಿಕೆಯನ್ನು ನಿಷೇಧಿಸಿತು.

ಈಗ ಡೆನ್ಮಾರ್ಕ್ ನೋಡಿ. ಹಂದಿಗೆ ಮದ್ದು ಹಾಕುವುದರಲ್ಲಿ ಬಹಳ ಬಿಗಿ ಇರುವ ದೇಶ. ಆದರೂ ಅಲ್ಲಿನ ಹಂದಿ ಸಾಕಣೆ ಕೇಂದ್ರಗಳಲ್ಲಿ ಸಿಸಿ398 ಇರುವವು 2014ರಲ್ಲಿ ಶೇ 68, 2016ರಲ್ಲಿ ಶೇ 88. ಅಂದರೆ ಮದ್ದು ಕಡಿಮೆ ಮಾಡಿದರೆ ಕರುಳಿನ ಬ್ಯಾಕ್ಟೀರಿಯಾ ಬೇಗ ದಾರಿಗೆ ಬರಬಹುದು. ಮೂಗಿನದು ಒಮ್ಮೆ ಒಳಗೆ ಬಂದರೆ ಅಷ್ಟಕ್ಕೇ ಹೋಗುವುದಿಲ್ಲ. ಅದಕ್ಕೆ ಬಾಗಿಲಲ್ಲೇ ತಡೆಯಬೇಕು. ಮುಂದಿನ ಹಂತಗಳೆಲ್ಲ ಈ ಎರಡು ಕೆಲಸಗಳ ಸುತ್ತ ಇವೆ.

ಇನ್ನೊಂದು ಗೊಂದಲ ಬಗೆಹರಿಸಿಕೊಳ್ಳಿ. ಮಾಂಸದಲ್ಲಿ ಉಳಿಯುವ ಮದ್ದಿನ ಅಂಶ ಬೇರೆ, ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ ಬೇರೆ. ಚುಚ್ಚಿದ ಮೇಲೆ ಲೇಬಲ್‌ನಲ್ಲಿ ಹೇಳಿದಷ್ಟು ದಿನ ಕಾದು ಮಾರಿದರೆ ಮೊದಲನೆಯದು ಮುಗಿಯಿತು. ಎರಡನೆಯದು ಹಾಗಲ್ಲ. ಮದ್ದು ಮೈಯಿಂದ ಪೂರ್ತಿ ಹೋದ ಮೇಲೂ ಬ್ಯಾಕ್ಟೀರಿಯಾ ಹಂದಿಯಲ್ಲೇ ಇರುತ್ತದೆ. ಹಂದಿ ಮಾತ್ರ ಗಟ್ಟಿಮುಟ್ಟಾಗಿ ಕಾಣುತ್ತದೆ, ಚೆನ್ನಾಗಿ ತಿನ್ನುತ್ತದೆ, ತೂಕ ಹಾಕುತ್ತದೆ. ನೋಡಿ ಗುರುತಿಸುವುದು ಸಾಧ್ಯವೇ ಇಲ್ಲ.

ಹಂತ 1: ಒಂದು ನೋಟುಬುಕ್ ಇಡಿ, ಎಲ್ಲ ಲೇಬಲ್ ಓದಿ

ದಿನಾಂಕ, ಯಾವ ಅಂಕಣ, ಎಷ್ಟು ಹಂದಿ, ಯಾವ ವಯಸ್ಸು, ಏನು ಲಕ್ಷಣ, ಯಾವ ಮದ್ದು, ಎಷ್ಟು ಮಿಲಿ, ಎಷ್ಟು ದಿನ, ಗುಣವಾಯಿತೇ ಸತ್ತಿತೇ. ಇಷ್ಟು ಕಲಂ ಸಾಕು. ಬರೆಯುವವರು ಒಬ್ಬರೇ ಆಗಿರಲಿ. ನಾಲ್ಕು ಜನ ಬರೆಯುವ ಪುಸ್ತಕವನ್ನು ಕೊನೆಗೆ ಯಾರೂ ಬರೆಯುವುದಿಲ್ಲ. ಡೆನ್ಮಾರ್ಕ್ 2000ದಿಂದ ಇದನ್ನೇ ದೇಶದ ಮಟ್ಟದಲ್ಲಿ ಮಾಡುತ್ತ ಬಂದಿದೆ. 2010ರಲ್ಲಿ ಅತಿಯಾಗಿ ಮದ್ದು ಬಳಸುವವರಿಗೆ ‘ಹಳದಿ ಕಾರ್ಡ್’ ತೋರಿಸುವ ಪದ್ಧತಿ ತಂದಾಗ ಅದಕ್ಕೆ ಆಧಾರವಾದದ್ದು ಈ ದಾಖಲೆಯೇ.

ಆಮೇಲೆ ಮೇವಿನ ಚೀಲ, ಮೇವಿಗೆ ಬೆರೆಸುವ ಪುಡಿ, ‘ಟಾನಿಕ್’, ‘ಗ್ರೋತ್ ಪೌಡರ್’ ಎಲ್ಲವನ್ನೂ ಒಂದು ಕಡೆ ತಂದಿಟ್ಟು ಲೇಬಲ್ ಓದಿ. ಕ್ಲೋರ್‌ಟೆಟ್ರಾಸೈಕ್ಲಿನ್, ಆಕ್ಸಿಟೆಟ್ರಾಸೈಕ್ಲಿನ್, ಟೈಲೋಸಿನ್, ನಿಯೋಮೈಸಿನ್ ಎಂಬ ಹೆಸರುಗಳು ಕಂಡರೆ ನೀವು ದಿನವೂ ಮದ್ದು ತಿನ್ನಿಸುತ್ತಿದ್ದೀರಿ ಎಂದು ಅರ್ಥ. ಕೊಲಿಸ್ಟಿನ್ ಎಂದಿದ್ದರೆ ಅದು ಕಾನೂನುಬಾಹಿರ, ಅಂಗಡಿಗೆ ವಾಪಸ್ ಕೊಡಿ. ಒಳಗಿರುವ ವಸ್ತುಗಳ ಪಟ್ಟಿಯೇ ಇಲ್ಲದ ಪ್ಯಾಕೆಟ್ ಎಷ್ಟೇ ಚೆನ್ನಾಗಿ ‘ಕೆಲಸ’ ಮಾಡಿದರೂ ಬಿಟ್ಟುಬಿಡಿ. ಅದು ಏಕೆ ಅಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದೇ ಅನುಮಾನಕ್ಕೆ ಕಾರಣವಾಗಬೇಕು.

ಮೈ ಬೆಳೆಸಲೆಂದು ಸಣ್ಣ ಪ್ರಮಾಣದಲ್ಲಿ ಮದ್ದು ತಿನ್ನಿಸುವುದನ್ನು ಸ್ವೀಡನ್ 1986ರಲ್ಲೇ ನಿಲ್ಲಿಸಿತು, ಇಡೀ ಐರೋಪ್ಯ ಒಕ್ಕೂಟ 2006ರ ಜನವರಿ 1ರಂದು ನಿಲ್ಲಿಸಿತು. ಅಲ್ಲಿನ ಹಂದಿ ಉದ್ಯಮವೇನೂ ಮುಳುಗಲಿಲ್ಲ. ಆದರೆ ಒಂದು ಮಾತು ಮುಚ್ಚಿಡಬಾರದು: ಡೆನ್ಮಾರ್ಕ್‌ನಲ್ಲಿ ಮರಿಗಳ ಮೇವಿನಿಂದ ಇವನ್ನು ತೆಗೆದಾಗ ಭೇದಿ ಹೆಚ್ಚಿತು, ಚಿಕಿತ್ಸೆಗೆಂದು ಬಳಸುವ ಮದ್ದೂ ಸ್ವಲ್ಪ ಕಾಲ ಏರಿತು. ದೊಡ್ಡ ಹಂದಿಗಳಲ್ಲಿ ಅಂಥ ತೊಂದರೆ ಬಹುಮಟ್ಟಿಗೆ ಆಗಲಿಲ್ಲ. ಆದ್ದರಿಂದ ಮೊದಲು ದೊಡ್ಡ ಹಂದಿಗಳ ಮೇವಿನಿಂದ ತೆಗೆಯಿರಿ. ಮರಿಗಳ ಮೇವಿನಿಂದ ತೆಗೆಯುವ ಮುನ್ನ ಮುಂದಿನ ಹಂತ ಮುಗಿಸಿ.

ಹಂತ 2: ಮೊಲೆ ಬಿಡಿಸುವುದನ್ನು ಸರಿಮಾಡಿ

ತಾಯಿಯ ಹಾಲಿನಲ್ಲಿ ರೋಗ ತಡೆಯುವ ಅಂಶಗಳಿರುತ್ತವೆ. ಅವು ಮರಿಯ ಕರುಳಿಗೆ ದಿನವೂ ಹಲವು ಬಾರಿ ಸಿಗುತ್ತಿರುತ್ತವೆ. ಮೊಲೆ ಬಿಡಿಸಿದ ದಿನ ಅದು ಒಮ್ಮೆಗೇ ನಿಲ್ಲುತ್ತದೆ. ಮರಿಯ ಹೊಟ್ಟೆಯಲ್ಲಿ ಆಮ್ಲ ಇನ್ನೂ ಸಾಲದು, ಧಾನ್ಯ ಜೀರ್ಣಿಸುವ ಶಕ್ತಿಯೂ ಪೂರ್ತಿ ಬಂದಿರುವುದಿಲ್ಲ. ಅದೇ ದಿನ ಜಾಗ ಬದಲು, ಮೇವು ಬದಲು, ಪಕ್ಕದಲ್ಲಿ ಅಪರಿಚಿತ ಮರಿಗಳ ಜಗಳ. ಒಂದು ದಿನ ಏನೂ ತಿನ್ನದ ಮರಿ ಮರುದಿನ ಹಸಿವಿನಿಂದ ಗಬಗಬನೆ ತಿನ್ನುತ್ತದೆ. ಜೀರ್ಣವಾಗದ ಪ್ರೋಟೀನ್ ಕೆಳಗಿನ ಕರುಳಿಗೆ ಇಳಿಯುತ್ತದೆ, ಅಲ್ಲಿ ಇ. ಕೋಲಿಗೆ ಹಬ್ಬ. ನಾಲ್ಕನೇ ಐದನೇ ದಿನಕ್ಕೆ ನೀರಿನಂಥ ಭೇದಿ. ಸಾಕಣೆದಾರ ಅಂಗಡಿಗೆ ಓಡುತ್ತಾನೆ. ಈ ಸರಪಳಿಯಲ್ಲಿ ಮದ್ದು ಬರುವುದು ಕೊನೆಯ ಕೊಂಡಿಯಲ್ಲಿ. ಹಿಂದಿನ ಕೊಂಡಿಗಳೆಲ್ಲ ಮದ್ದಿಲ್ಲದೆ ಬಿಡಿಸಬಹುದಾದವು.

ಹುಟ್ಟಿದ ದಿನದಿಂದ ಶುರು ಮಾಡಿ. ಮೊದಲ 24 ಗಂಟೆಯಲ್ಲಿ ಪ್ರತಿ ಮರಿಯ ಹೊಟ್ಟೆಗೆ ಸುಮಾರು ಕಾಲು ಲೀಟರ್ ಗಿಣ್ಣು ಹಾಲು ಸೇರಬೇಕು. ಆ ಅವಧಿ ಕಳೆದರೆ ಗಿಣ್ಣಿನಲ್ಲಿರುವ ರಕ್ಷಣೆಯ ಅಂಶ ಕರುಳಿನಿಂದ ರಕ್ತಕ್ಕೆ ಹೋಗುವುದಿಲ್ಲ. ಹೆಚ್ಚು ಮರಿ ಹಾಕಿದ್ದರೆ ಮೊದಲು ಗಟ್ಟಿ ಮರಿಗಳಿಗೆ ಕುಡಿಸಿ, ಅವನ್ನು ಒಂದೆರಡು ಗಂಟೆ ಬುಟ್ಟಿಯಲ್ಲಿಟ್ಟು, ಬಡ ಮರಿಗಳಿಗೆ ಮೊಲೆ ಬಿಟ್ಟುಕೊಡಿ. ಮರಿಗಳ ಮೂಲೆಯಲ್ಲಿ ಬಲ್ಬ್ ಕಟ್ಟಿ 32ರಿಂದ 34 ಡಿಗ್ರಿ ಬಿಸಿ ಇರುವಂತೆ ನೋಡಿಕೊಳ್ಳಿ. ಮಡಿಕೇರಿಯ ಮಳೆಗಾಲದಲ್ಲಿ ಇದು ಸುಲಭವಲ್ಲ. ಗೋಣಿಚೀಲದ ಪರದೆ, ಒಣಹುಲ್ಲು, ಬಲ್ಬ್ ಮೂರೂ ಸೇರಿದರೆ ಆಗುತ್ತದೆ. ಮರಿಗಳು ಒಂದರ ಮೇಲೊಂದು ಬಿದ್ದು ಮಲಗಿದ್ದರೆ ಚಳಿ, ಬಲ್ಬಿನಿಂದ ದೂರ ಚದುರಿ ಮಲಗಿದ್ದರೆ ಸೆಕೆ. ಥರ್ಮಾಮೀಟರ್ ಇಲ್ಲದಿದ್ದರೂ ಮಲಗುವ ರೀತಿಯೇ ಹೇಳುತ್ತದೆ.

ಎರಡನೇ ವಾರದಿಂದ ಚಪ್ಪಟೆ ತಟ್ಟೆಯಲ್ಲಿ ಒಂದೊಂದು ಹಿಡಿ ಮರಿಮೇವು ಇಡಿ. ತಿನ್ನುವುದಕ್ಕಿಂತ ಚೆಲ್ಲುವುದೇ ಹೆಚ್ಚು, ಆದರೂ ಇಡಿ; ಕರುಳು ಧಾನ್ಯಕ್ಕೆ ಒಗ್ಗುವುದು ಹಾಗೆಯೇ. ಉಳಿದದ್ದನ್ನು ದಿನಕ್ಕೆರಡು ಸಲ ತೆಗೆದು ತಾಯಿಗೆ ಹಾಕಿ.

ಮೊಲೆ ಬಿಡಿಸುವ ವಯಸ್ಸಿನ ವಿಷಯದಲ್ಲಿ ಆತುರ ಬೇಡ. ಐರೋಪ್ಯ ಒಕ್ಕೂಟದ ನಿಯಮ 28 ದಿನಕ್ಕೆ ಮೊದಲು ಬಿಡಿಸಬಾರದು ಎನ್ನುತ್ತದೆ, ವಿಶೇಷ ಮರಿಮನೆ ಇದ್ದರೆ ಮಾತ್ರ 21. ನಮ್ಮ ಸಣ್ಣ ಸಾಕಣೆಗಳಲ್ಲಿ ಬಿಸಿಯ ವ್ಯವಸ್ಥೆ, ಮೇವಿನ ಗುಣಮಟ್ಟ ಎರಡೂ ಏರುಪೇರು. ಆದ್ದರಿಂದ 35ರಿಂದ 42 ದಿನವೇ ಸರಿ ಎನ್ನುವುದು ನನ್ನ ಅಭಿಪ್ರಾಯ. ವರ್ಷಕ್ಕೆ ಎಷ್ಟು ಸೂಲು ಎಂಬ ಲೆಕ್ಕದಲ್ಲಿ ಸ್ವಲ್ಪ ನಷ್ಟ ಕಾಣಬಹುದು. ಸತ್ತ ಮರಿ ಮತ್ತು ಮದ್ದಿನ ಬಿಲ್ಲನ್ನೂ ಅದೇ ಕಾಗದದಲ್ಲಿ ಬರೆದು ನೋಡಿ.

ಬಿಡಿಸುವ ದಿನ ಮರಿಗಳನ್ನು ಅಲ್ಲೇ ಬಿಟ್ಟು ತಾಯಿಯನ್ನು ಬೇರೆ ಕಡೆ ಒಯ್ಯಿರಿ. ಜಾಗವಾದರೂ ಹಳೆಯದೇ ಉಳಿಯಲಿ. ಒಂದೇ ಸೂಲಿನ ಮರಿಗಳು ಒಟ್ಟಿಗಿರಲಿ. ಮೊದಲ ವಾರ ದಿನಕ್ಕೆ ಐದಾರು ಬಾರಿ ಸ್ವಲ್ಪ ಸ್ವಲ್ಪವೇ ಮೇವು ಹಾಕಿ. ಮೇವಿನಲ್ಲಿ ಪ್ರೋಟೀನ್ ಶೇ 18 ಮೀರದಿರಲಿ. ಬೇಗ ಬೆಳೆಯಲೆಂದು ಸೋಯಾ ಹಿಂಡಿ ಸುರಿಯುವುದೇ ಈ ವಯಸ್ಸಿನಲ್ಲಿ ಭೇದಿಗೆ ಕರೆಯೋಲೆ. ಹೊಸ ಮೇವಿಗೆ ಬದಲಿಸುವುದಾದರೆ ಒಂದು ವಾರ ಹಳೆಯದರೊಡನೆ ಬೆರೆಸುತ್ತ ಹೋಗಿ. ಬಿಸಿ 26ರಿಂದ 28 ಡಿಗ್ರಿ, ನೆಲ ಒಣ, ನೀರು ಶುದ್ಧ. ಮರಿಗಳು ನೀರು ಕುಡಿಯುವ ಕೊಳವೆಯ ನಿಪ್ಪಲ್‌ನಲ್ಲಿ ನೀರು ಬರುತ್ತಿದೆಯೇ ಎಂದು ನೀವೇ ಒತ್ತಿ ನೋಡಿ. ಕಟ್ಟಿಕೊಂಡ ನಿಪ್ಪಲ್‌ನಿಂದ ಸತ್ತ ಮರಿಗಳಿಗೂ ನಮ್ಮಲ್ಲಿ ‘ಭೇದಿ’ ಎಂದೇ ಬರೆಯುತ್ತಾರೆ.

ಭೇದಿ ಶುರುವಾದರೆ? ಮೇವನ್ನು ಅರ್ಧಕ್ಕಿಳಿಸಿ, ಓಆರ್‌ಎಸ್ ನೀರು ಕೊಡಿ, ಬಿಸಿ ಒಂದೆರಡು ಡಿಗ್ರಿ ಏರಿಸಿ. ಒಂದೆರಡು ಮರಿಗೆ ಮಾತ್ರ ಇದ್ದು, ಅವು ಚುರುಕಾಗಿಯೇ ಇದ್ದರೆ ಒಂದು ದಿನ ಹೀಗೆ ನೋಡಬಹುದು. ಮರಿಗಳು ಜೋಲುಬಿದ್ದರೆ, ಕಣ್ಣು ಒಳಗೆ ಹೋದರೆ, ಒಂದಾದರೂ ಸತ್ತರೆ ಕಾಯಬೇಡಿ, ಪಶುವೈದ್ಯರನ್ನು ಕರೆಸಿ. ಭೇದಿಗೆ ಕಾರಣ ರೋಟಾವೈರಸ್, ಕಾಕ್ಸಿಡಿಯಾ ಎಂಬ ಕರುಳಿನ ಪರಾವಲಂಬಿ, ಬರೀ ಮೇವಿನ ಬದಲಾವಣೆ ಏನೂ ಇರಬಹುದು. ಈ ಮೂರಕ್ಕೂ ಆಂಟಿಬಯಾಟಿಕ್ ಉತ್ತರವಲ್ಲ.

ಯುರೋಪಿನಲ್ಲಿ ಮರಿಗಳ ಭೇದಿಗೆ ಝಿಂಕ್ ಆಕ್ಸೈಡ್ ಅನ್ನು ಮೇವಿಗೆ ಧಾರಾಳವಾಗಿ ಬೆರೆಸುತ್ತಿದ್ದರು. ಆಂಟಿಬಯಾಟಿಕ್ ಅಲ್ಲವಲ್ಲ ಎಂಬ ಸಮಾಧಾನ. ಆದರೆ ಸಿಸಿ398 ತಳಿಯಲ್ಲಿ ಝಿಂಕ್ ತಡೆಯುವ ವಂಶವಾಹಿ ಮೆಥಿಸಿಲಿನ್ ತಡೆಯುವ ವಂಶವಾಹಿಯ ಜೊತೆಗೇ ಇರುತ್ತದೆ. ಝಿಂಕ್ ಹಾಕಿದಷ್ಟೂ ಎಂಆರ್‌ಎಸ್‌ಎಗೆ ಅನುಕೂಲವೇ. ಮಣ್ಣಿಗೆ ಸೇರುವ ಲೋಹದ ಚಿಂತೆಯೂ ಇತ್ತು. 2022ರ ಜೂನ್‌ನಿಂದ ಅಲ್ಲಿ ಅದನ್ನು ಮದ್ದಾಗಿ ಹೆಚ್ಚು ಪ್ರಮಾಣದಲ್ಲಿ ಬೆರೆಸುವುದು ನಿಂತಿದೆ. ಇಲ್ಲಿ ಯಾರಾದರೂ ಅದನ್ನು ‘ಸುರಕ್ಷಿತ ಬದಲಿ’ ಎಂದು ಮಾರಲು ಬಂದರೆ ಇದನ್ನು ಹೇಳಿ.

ಹಂತ 3: ಹಂದಿ ಕೊಳ್ಳುವಾಗ

ಸಿಸಿ398 ಊರಿಂದೂರಿಗೆ ಹೋಗುವ ಮುಖ್ಯ ವಾಹನ ಹಂದಿ ಸಾಗಿಸುವ ಲಾರಿ. ಡೆನ್ಮಾರ್ಕ್‌ನಲ್ಲಿ ಅಷ್ಟು ಬೇಗ ಹಬ್ಬಿದ್ದರ ಹಿಂದೆ ಸಾಕಣೆಯಿಂದ ಸಾಕಣೆಗೆ ನಡೆಯುವ ಹಂದಿಗಳ ಓಡಾಟ ಇತ್ತು. ಆದ್ದರಿಂದ ಸಂತೆಯಲ್ಲಿ ನಾಲ್ಕು ಕಡೆಯ ಮರಿ ಆರಿಸಿ ತರುವ ಬದಲು ಒಬ್ಬರಿಂದಲೇ ಕೊಳ್ಳಿ. ಸಾಧ್ಯವಾದರೆ ಹೆಣ್ಣು ಮರಿಗಳನ್ನು ನಿಮ್ಮಲ್ಲೇ ಬೆಳೆಸಿಕೊಂಡು ಗಂಡನ್ನು ಮಾತ್ರ ಹೊರಗಿನಿಂದ ತನ್ನಿ. ಹೊಸದನ್ನು ಕನಿಷ್ಠ ಒಂದು ತಿಂಗಳು ಬೇರೆ ಕಡೆ ಕಟ್ಟಿ. ಅವುಗಳ ಬಕೆಟ್, ಪೊರಕೆ, ಬೂಟು ಬೇರೆಯೇ ಇರಲಿ. ಅವುಗಳ ಕೆಲಸವನ್ನು ದಿನದ ಕೊನೆಗೆ ಮಾಡಿ.

ಹೀಗೆ ಬೇರೆ ಕಟ್ಟುವುದರಿಂದ ಹಂದಿಜ್ವರ, ಕೆಮ್ಮು, ಭೇದಿ ಬಯಲಾಗುತ್ತವೆ. ಎಂಆರ್‌ಎಸ್‌ಎ ಬಯಲಾಗುವುದಿಲ್ಲ, ಏಕೆಂದರೆ ಅದಕ್ಕೆ ಲಕ್ಷಣವೇ ಇಲ್ಲ. ತಿಳಿಯಬೇಕಾದರೆ ಮೂಗಿನ ಸ್ವ್ಯಾಬ್ ತೆಗೆದು ಕಲ್ಚರ್ (ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಬೇಕು. ತಳಿ ಹಂದಿ ಮಾರುವವರಿಗೆ ಈ ಖರ್ಚು ಸಲ್ಲುತ್ತದೆ, ಹತ್ತು ಮರಿ ತಂದು ಕೊಬ್ಬಿಸುವವರಿಗೆ ಸಲ್ಲುವುದಿಲ್ಲ.

ಬಾಗಿಲಲ್ಲೇ ತಡೆಯುವುದು ಸಾಧ್ಯ ಎಂದು ತೋರಿಸಿದ್ದು ನಾರ್ವೆ. 2013ರಲ್ಲಿ ಹಂದಿಗಳಲ್ಲಿ ಸಿಸಿ398 ಕಂಡ ಮೇಲೆ ಅಲ್ಲಿ ಹಿಂಡುಗಳನ್ನು ಹುಡುಕಿ ಪರೀಕ್ಷಿಸಿ, ಸಿಕ್ಕ ಕಡೆ ಹಂದಿಗಳನ್ನೆಲ್ಲ ಕೊಂದು, ಕೊಟ್ಟಿಗೆ ತೊಳೆದು, ಖಾಲಿ ಬಿಟ್ಟು, ಮತ್ತೆ ಪರೀಕ್ಷಿಸಿ, ಬ್ಯಾಕ್ಟೀರಿಯಾ ಇಲ್ಲದ ಹಂದಿಗಳನ್ನೇ ತುಂಬಿಸಿದರು. ಹಲವು ಕಡೆ ಅದು ಒಳಗೆ ಬಂದದ್ದು ಕೆಲಸಗಾರರ ಮೂಲಕ ಎಂಬುದೂ ಆ ಹುಡುಕಾಟದಲ್ಲಿ ಗೊತ್ತಾಯಿತು. ಹಿಂಡನ್ನೇ ಕೊಲ್ಲುವ ಈ ದಾರಿ ಸರ್ಕಾರದ ಬೆಂಬಲವಿಲ್ಲದೆ ನಮ್ಮವರಿಗೆ ಆಗದ ಮಾತು. ಆದರೆ ಬೇರೆ ಸಾಕಣೆಯಲ್ಲಿ ಕೆಲಸ ಮಾಡಿ ಬಂದವರು ಸ್ನಾನ ಮಾಡಿ ಬಟ್ಟೆ ಬದಲಿಸದೆ ಒಳಗೆ ಬರಬಾರದು ಎಂಬ ನಿಯಮಕ್ಕೆ ಯಾವ ಬೆಂಬಲವೂ ಬೇಕಿಲ್ಲ.

ಹೋಟೆಲ್ ಮುಸುರೆ ತಂದು ಹಾಕುವವರಿಗೆ: ಕುದಿ ಬಂದ ಮೇಲೆ ಕನಿಷ್ಠ ಒಂದು ಗಂಟೆ ಕಲಕುತ್ತ ಬೇಯಿಸಿ. ಹಸಿ ಮುಸುರೆಯ ಡ್ರಮ್ಮು ಮತ್ತು ಬೇಯಿಸಿದ್ದರ ಡ್ರಮ್ಮು ಒಂದೇ ಆಗಬಾರದು. ಆಫ್ರಿಕನ್ ಹಂದಿಜ್ವರವೂ ಇದೇ ದಾರಿಯಲ್ಲಿ ಬರುತ್ತದೆ. ಅದು ವೈರಸ್, ಯಾವ ಚುಚ್ಚುಮದ್ದಿನ ಆಂಟಿಬಯಾಟಿಕ್‌ಗೂ ಕೇರ್ ಮಾಡುವುದಿಲ್ಲ. ಹಿಂಡು ಹಿಂಡೇ ಸಾಯುತ್ತಿರುವಾಗ ಬಾಟಲಿ ಮೇಲೆ ಬಾಟಲಿ ಚುಚ್ಚುವುದು ದುಡ್ಡಿನ ದಂಡ.

ಹಂತ 4: ತೊಳೆಯುವುದಕ್ಕೊಂದು ಕ್ರಮವಿದೆ

ಒಂದು ಅಂಕಣದ ಹಂದಿಗಳು ಒಟ್ಟಿಗೆ ಬರಲಿ, ಒಟ್ಟಿಗೆ ಹೋಗಲಿ. ನಡುವೆ ಖಾಲಿ ದಿನಗಳಿರಲಿ. ಮೊದಲು ಒಣ ಕಸ, ಮಲ ಕೆರೆದು ತೆಗೆಯಿರಿ. ನಂತರ ಸೋಪಿನ ನೀರು ಸಿಂಪಡಿಸಿ ಅರ್ಧ ಗಂಟೆ ನೆನೆಯಲು ಬಿಡಿ, ಉಜ್ಜಿ, ತೊಳೆಯಿರಿ. ಒಣಗಲು ಬಿಡಿ. ಅದರ ಮೇಲೆ ಬ್ಲೀಚಿಂಗ್ ಪುಡಿಯ ನೀರೋ ಪಶುವೈದ್ಯರು ಹೇಳಿದ ಸೋಂಕುನಿವಾರಕವೋ. ಮತ್ತೆ ಒಣಗಿಸಿ. ಗೋಡೆಗೆ ಸುಣ್ಣ ಬಳಿಯಿರಿ. ಕೊಳೆಯ ಮೇಲೆ ಬ್ಲೀಚಿಂಗ್ ಸುರಿದರೆ ಕೊಳೆಯೇ ಅದನ್ನು ನುಂಗಿಹಾಕುತ್ತದೆ. ವಾಸನೆ ಬಂದಿತೆಂದು ಕೆಲಸ ಆಯಿತೆಂದುಕೊಳ್ಳಬೇಡಿ. ಇಡೀ ಕ್ರಮದಲ್ಲಿ ಜನ ಬಿಟ್ಟುಬಿಡುವ ಭಾಗ ಒಣಗಿಸುವುದು. ಅದೇ ಎಲ್ಲಕ್ಕಿಂತ ಅಗ್ಗ, ಪರಿಣಾಮಕಾರಿಯೂ ಹೌದು.

ಎಂಆರ್‌ಎಸ್‌ಎ ಧೂಳಿನಲ್ಲೂ ಬದುಕುತ್ತದೆ. ತೊಲೆ, ಫ್ಯಾನ್, ವೈರು, ಕಿಟಕಿಯ ಜಾಲರಿಗಳ ಮೇಲಿನ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿ. ಪ್ರೆಶರ್ ಪಂಪಿನಲ್ಲಿ ತೊಳೆಯುವಾಗ ಮಾಸ್ಕ್ ಹಾಕಿ, ಏಕೆಂದರೆ ನೆಲದ ಮೇಲಿದ್ದದ್ದೆಲ್ಲ ಹನಿಯಾಗಿ ಗಾಳಿಗೆ ಏರುತ್ತದೆ. ಇಲಿ ಮತ್ತು ನೊಣವನ್ನು ಮರೆತರೆ ತೊಳೆದದ್ದು ವ್ಯರ್ಥ.

ಹಂತ 5: ಮದ್ದು ಬೇಕೇ ಬೇಕಾದಾಗ

ರೋಗ ಬಂದ ಹಂದಿಗೆ ಮದ್ದು ಕೊಡದಿರುವುದು ಕ್ರೌರ್ಯ. ಕೊಡುವುದಾದರೆ ಸರಿಯಾಗಿ ಕೊಡಿ ಎಂಬುದಷ್ಟೇ ಇಲ್ಲಿನ ವಾದ.

ಯಾವ ಮದ್ದು ಎಂಬುದನ್ನು ಅಂಗಡಿಯವನು ನಿರ್ಧರಿಸಬಾರದು. ಆಂಟಿಬಯಾಟಿಕ್‌ಗಳಿಗೆ ವೈದ್ಯರ ಚೀಟಿ ಬೇಕು ಎಂಬುದು ಕಾನೂನು. ಹತ್ತಿರ ಪಶು ಆಸ್ಪತ್ರೆ ಇಲ್ಲದಿದ್ದರೆ ಸಂಚಾರಿ ಪಶು ಚಿಕಿತ್ಸಾಲಯಕ್ಕೆ 1962ಕ್ಕೆ ಕರೆ ಮಾಡಿ. ಅದೇ ರೋಗ ಮೂರನೇ ಬಾರಿ ಬಂದರೆ, ಅಥವಾ ಹಿಂದೆ ಕೆಲಸ ಮಾಡಿದ ಮದ್ದು ಈಗ ಮಾಡದಿದ್ದರೆ, ಕಲ್ಚರ್ ಪರೀಕ್ಷೆ ಮಾಡಿಸಿ. ಮದ್ದು ಶುರು ಮಾಡುವ ಮೊದಲೇ ಮಾದರಿ ತೆಗೆಯಬೇಕು, ತಂಪಾಗಿಟ್ಟು ಬೇಗ ತಲುಪಿಸಬೇಕು. ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ, ಅಲ್ಲಿನ ಪಶುವೈದ್ಯಕೀಯ ಕಾಲೇಜು ಇಂಥ ವಿಷಯಕ್ಕೆ ಸ್ಥಳೀಯ ಪಶುವೈದ್ಯರ ಮೂಲಕ ಸಂಪರ್ಕಿಸಬಹುದಾದ ಜಾಗಗಳು.

ಪ್ರಮಾಣ ತೂಕದ ಮೇಲೆ. ತಕ್ಕಡಿ ಇಲ್ಲದಿದ್ದರೆ ಟೇಪು ಸಾಕು: ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಕಿವಿಗಳ ಬುಡದಿಂದ ಬಾಲದ ಬುಡದವರೆಗೆ ಉದ್ದ, ಎರಡನ್ನೂ ಮೀಟರಿನಲ್ಲಿ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 69.3ರಿಂದ ಗುಣಿಸಿ. ಸುತ್ತಳತೆ 0.9, ಉದ್ದ 1 ಮೀಟರ್ ಇದ್ದರೆ ಸುಮಾರು 56 ಕಿಲೋ. ಕಣ್ಣಂದಾಜಿನಲ್ಲಿ 40 ಎಂದುಕೊಂಡು ಚುಚ್ಚಿದರೆ ಸಾಯಬೇಕಾದ ಬ್ಯಾಕ್ಟೀರಿಯಾದಲ್ಲಿ ಗಟ್ಟಿ ಇದ್ದವು ಉಳಿದುಕೊಳ್ಳುತ್ತವೆ, ನಾಳೆ ಅವುಗಳದೇ ಸಂತಾನ.

ರೋಗವಿರುವ ಹಂದಿಗೆ ಮಾತ್ರ ಚುಚ್ಚಿ, ಬಣ್ಣ ಹಚ್ಚಿ ಗುರುತು ಮಾಡಿ. ಇಡೀ ತೊಟ್ಟಿಯ ನೀರಿಗೆ ಮದ್ದು ಬೆರೆಸುವುದು ಸುಲಭ, ಆದರೆ ಕಾಯಿಲೆಯ ಹಂದಿ ನೀರು ಕುಡಿಯುವುದೇ ಕಡಿಮೆ. ಬೇಕಾದದ್ದಕ್ಕೆ ಅರ್ಧ, ಬೇಡದ್ದಕ್ಕೆ ಪೂರ್ತಿ ಹೋಗುತ್ತದೆ. ಹೇಳಿದಷ್ಟು ದಿನ ಕೊಡಿ. ಉಳಿದ ಅರ್ಧ ಬಾಟಲಿಯನ್ನು ಮಾಡಿನ ಸಂದಿಯಲ್ಲಿ ಸಿಕ್ಕಿಸಿಟ್ಟು ಮುಂದಿನ ಸಲಕ್ಕೆಂದು ಕಾಯಬೇಡಿ.

ಕೆಲವು ಮದ್ದುಗಳಿಂದ ದೂರವಿರಿ. ಸೆಫ್ಟಿಯೋಫರ್, ಸೆಫ್ಟ್ರಯಾಕ್ಸೋನ್‌ನಂಥ ಸೆಫಲೋಸ್ಪೋರಿನ್‌ಗಳು ಮತ್ತು ಎನ್ರೋಫ್ಲಾಕ್ಸಾಸಿನ್ ಮನುಷ್ಯರ ಚಿಕಿತ್ಸೆಗೆ ಬಹಳ ಮುಖ್ಯವಾದ ಗುಂಪುಗಳಿಗೆ ಸೇರಿದವು. ಕಲ್ಚರ್ ವರದಿ ಬೇರೆ ದಾರಿಯಿಲ್ಲ ಎನ್ನದೆ ಇವನ್ನು ಮುಟ್ಟಬಾರದು. ಡೆನ್ಮಾರ್ಕ್‌ನ ಹಂದಿ ಉದ್ಯಮ 2010ರಲ್ಲಿ ಸೆಫಲೋಸ್ಪೋರಿನ್ ಬಳಕೆಯನ್ನು ತಾನಾಗಿಯೇ ಕೈಬಿಟ್ಟಿತು. ಇನ್ನು ಟೆಟ್ರಾಸೈಕ್ಲಿನ್ ಹಳೆಯ ಮದ್ದು, ಅಗ್ಗ, ಎಲ್ಲ ಕಡೆ ಸಿಗುತ್ತದೆ. ಹಂದಿಯ ಸಿಸಿ398 ಅದಕ್ಕೆ ಬಹುತೇಕ ಬಗ್ಗುವುದೇ ಇಲ್ಲ. ಅಂದರೆ ಸುಮ್ಮಸುಮ್ಮನೆ ಟೆಟ್ರಾಸೈಕ್ಲಿನ್ ಹಾಕಿದಾಗಲೆಲ್ಲ ಪ್ರತಿಸ್ಪರ್ಧಿಗಳನ್ನು ಕೊಂದು ಅದಕ್ಕೆ ಜಾಗ ಮಾಡಿಕೊಟ್ಟಂತೆ.

ಹಂತ 6: ನಿಮ್ಮ ಮೂಗು, ನಿಮ್ಮ ಮನೆ

ಕೊಟ್ಟಿಗೆಯ ಬೂಟು, ಬಟ್ಟೆ ಕೊಟ್ಟಿಗೆಯಲ್ಲೇ ಇರಲಿ. ಕೆಲಸ ಮುಗಿದ ಮೇಲೆ ಕೈ, ಮುಖ ಸೋಪಿನಲ್ಲಿ ತೊಳೆದು, ಸಾಧ್ಯವಾದರೆ ಸ್ನಾನ ಮಾಡಿ ಒಳಗೆ ಹೋಗಿ. ಆ ಬಟ್ಟೆಯನ್ನು ಮಕ್ಕಳ ಬಟ್ಟೆಯೊಡನೆ ಒಗೆಯಬೇಡಿ. ಕೈಯಲ್ಲಿ ಗಾಯವಿದ್ದರೆ ಪಟ್ಟಿ ಕಟ್ಟಿ, ಅದರ ಮೇಲೆ ಗ್ಲೌಸ್ ಹಾಕಿ. ಕೊಟ್ಟಿಗೆಯಲ್ಲಿ ಬೀಡಿ, ಎಲೆಯಡಿಕೆ, ಕಾಫಿ ಬೇಡ. ಕೈ ಬಾಯಿಗೆ ಹೋಗುವ ಎಲ್ಲ ಅಭ್ಯಾಸಗಳೂ ಹೊರಗೆ.

ಹೆದರಿಕೆ ಎಷ್ಟಿರಬೇಕು? ಒಮ್ಮೆ ಕೊಟ್ಟಿಗೆಗೆ ಹೋಗಿ ಬಂದವರ ಮೂಗಿನಲ್ಲಿ ಬ್ಯಾಕ್ಟೀರಿಯಾ ಸಿಕ್ಕರೂ ಹೆಚ್ಚಿನವರಲ್ಲಿ ಮರುದಿನಕ್ಕೆ ಹೋಗಿರುತ್ತದೆ ಎಂದು ಡಚ್ಚರ ಅಧ್ಯಯನ ತೋರಿಸಿದೆ. ದಿನವೂ ಒಳಗಿರುವವರಲ್ಲಿ ಅದು ನೆಲೆಯಾಗುತ್ತದೆ. ನೆಲೆಯಾದರೂ ಆರೋಗ್ಯವಂತರಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ತೊಂದರೆ ಬರುವುದು ಶಸ್ತ್ರಚಿಕಿತ್ಸೆ, ಡಯಾಲಿಸಿಸ್, ಕ್ಯಾನ್ಸರ್ ಚಿಕಿತ್ಸೆ, ಸಕ್ಕರೆ ಕಾಯಿಲೆಯ ಗಾಯ ಇಂಥ ಸಂದರ್ಭಗಳಲ್ಲಿ. ನೆದರ್‌ಲ್ಯಾಂಡ್ಸ್‌ನಲ್ಲಿ 2006ರಿಂದ ಜೀವಂತ ಹಂದಿಗಳ ಸಂಪರ್ಕವಿರುವವರು ಆಸ್ಪತ್ರೆಗೆ ಸೇರುವಾಗ ತಪಾಸಣೆ ಮಾಡುತ್ತಾರೆ. ಇಲ್ಲಿ ಯಾರೂ ಕೇಳುವುದಿಲ್ಲ, ಆದ್ದರಿಂದ ನೀವೇ ಹೇಳಿ: ‘ಡಾಕ್ಟರೇ, ನಾನು ಹಂದಿ ಸಾಕುತ್ತೇನೆ.’ ಹಂದಿ ಸಾಕಣೆ ಎಂದರೆ ಮೂಗು ಮುರಿಯುವ ಜನ ನಮ್ಮಲ್ಲಿ ಕಡಿಮೆಯೇನಿಲ್ಲ, ಹಾಗೆಂದು ಈ ಮಾತನ್ನು ಆಪರೇಷನ್‌ಗೆ ಮುಂಚೆ ಬಚ್ಚಿಡಬಾರದು. ಕೆಂಪಾಗಿ ಊದಿ ಕೀವು ತುಂಬುವ ಕುರು ಮತ್ತೆ ಮತ್ತೆ ಏಳುತ್ತಿದ್ದರೂ ಇದೇ ಮಾತು ಹೇಳಿ, ಕೀವಿನ ಕಲ್ಚರ್ ಕೇಳಿ.

ಹಂತ 7: ಗೊಬ್ಬರ ಮತ್ತು ಮಾಂಸ

ಹಸಿ ಮಲವನ್ನು ಸೊಪ್ಪು, ಸೌತೆ, ಕ್ಯಾರೆಟ್‌ನಂಥ ಹಸಿಯಾಗಿ ತಿನ್ನುವ ಬೆಳೆಗೆ ಹಾಕಬೇಡಿ, ಹಳ್ಳಕ್ಕೂ ಮೀನಿನ ಹೊಂಡಕ್ಕೂ ಬಿಡಬೇಡಿ. ಒಣಹುಲ್ಲು, ತರಗೆಲೆ ಬೆರೆಸಿ ರಾಶಿ ಹಾಕಿ. ರಾಶಿಯ ಒಳಗೆ 55 ಡಿಗ್ರಿ ದಾಟಬೇಕು, ಎರಡು ವಾರಗಳಲ್ಲಿ ನಾಲ್ಕೈದು ಸಲ ತಿರುವಿ ಹೊರಗಿನದು ಒಳಗೆ ಹೋಗಬೇಕು. ಕಬ್ಬಿಣದ ಸರಳನ್ನು ರಾಶಿಯೊಳಗೆ ಚುಚ್ಚಿಟ್ಟು ಹತ್ತು ನಿಮಿಷದ ಮೇಲೆ ತೆಗೆದಾಗ ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿ ಇದ್ದರೆ ಸರಿ. ಗೋಬರ್ ಗ್ಯಾಸ್ ತೊಟ್ಟಿ ಅಷ್ಟು ಬಿಸಿಯಾಗುವುದಿಲ್ಲ. ಅದರ ಬಗ್ಗಡವನ್ನೂ ರಾಶಿಗೆ ಸೇರಿಸುವುದು ಕ್ಷೇಮ.

ಮಾಂಸದ ವಿಷಯ ಬೇಗ ಮುಗಿಯುತ್ತದೆ. ಎಂಆರ್‌ಎಸ್‌ಎ ಮುಖ್ಯವಾಗಿ ಹಂದಿಯ ಒಡನಾಟದಿಂದ ಬರುತ್ತದೆ, ತಟ್ಟೆಯಿಂದಲ್ಲ. ಒಳಗಿನ ಬಿಸಿ 70 ಡಿಗ್ರಿ ದಾಟುವಂತೆ ಬೇಯಿಸಿದರೆ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾವೂ ಬೆಂಕಿಗೆ ಬಗ್ಗುತ್ತದೆ. ಗಂಟೆಗಟ್ಟಲೆ ಕುದಿಯುವ ಪಂದಿ ಕರಿಯಲ್ಲಿ ಭಯವಿಲ್ಲ. ಭಯವಿರುವುದು ಹಸಿ ಮಾಂಸ ಕೊಚ್ಚಿದ ಮಣೆಯ ಮೇಲೆಯೇ ಈರುಳ್ಳಿ, ಸೌತೆ ಹೆಚ್ಚುವುದರಲ್ಲಿ. ನಲ್ಲಿಯ ಕೆಳಗೆ ರಭಸವಾಗಿ ತೊಳೆದರೆ ಹನಿಗಳು ಪಕ್ಕದ ಪಾತ್ರೆಗೂ ಹಾರುತ್ತವೆ. ಪಂದಿ ಕರಿಗೆ ಹಾಕುವ ಹುಳಿಯಾದ ಕಾಚಂಪುಳಿ ರುಚಿಗೆ, ಬೇಯಿಸುವುದಕ್ಕೆ ಅದು ಬದಲಿಯಲ್ಲ.

ಹಂತ 8: ವರ್ಷದ ಲೆಕ್ಕ

ನೋಟುಬುಕ್ ಈಗ ಕೆಲಸಕ್ಕೆ ಬರುತ್ತದೆ. ವರ್ಷವಿಡೀ ಬಳಸಿದ ಒಟ್ಟು ಆಂಟಿಬಯಾಟಿಕ್ ಎಷ್ಟು ಮಿಲಿಗ್ರಾಂ ಎಂದು ಕೂಡಿ, ಮಾರಿದ ಹಂದಿಗಳ ಒಟ್ಟು ತೂಕದಿಂದ ಭಾಗಿಸಿ. ಉದಾಹರಣೆಗೆ, ಮಿಲಿಗೆ 50 ಮಿಲಿಗ್ರಾಂ ಇರುವ 100 ಮಿಲಿಯ ಬಾಟಲಿಯಲ್ಲಿ 5,000 ಮಿಲಿಗ್ರಾಂ ಮದ್ದು. ಅಂಥ 12 ಬಾಟಲಿ ಎಂದರೆ 60,000. ಮಾರಿದ್ದು 90 ಕಿಲೋದ 40 ಹಂದಿ, ಅಂದರೆ 3,600 ಕಿಲೋ. ಕಿಲೋಗೆ ಸುಮಾರು 17 ಮಿಲಿಗ್ರಾಂ. ಮೇವಿನಲ್ಲಿ ಬೆರೆತದ್ದನ್ನು ಬಿಡದೆ ಸೇರಿಸಿ. ಅದು ಸೇರಿದರೆ ಸಂಖ್ಯೆ ಎಲ್ಲಿಗೋ ಹಾರುವುದುಂಟು.

ಈ ಸಂಖ್ಯೆಯನ್ನು ಬೇರೆ ದೇಶದ ಸಂಖ್ಯೆಯೊಡನೆ ಹೋಲಿಸಬೇಡಿ, ಅವರು ಲೆಕ್ಕ ಹಾಕುವ ರೀತಿ ಬೇರೆ. ನಿಮ್ಮದೇ ಹೋದ ವರ್ಷದ ಪಕ್ಕದಲ್ಲಿಡಿ. ನೆದರ್‌ಲ್ಯಾಂಡ್ಸ್ 2009ರಿಂದ ಹತ್ತು ವರ್ಷಗಳಲ್ಲಿ ಸಾಕುಪ್ರಾಣಿಗಳಿಗೆ ಮಾರಾಟವಾಗುವ ಆಂಟಿಬಯಾಟಿಕ್ ಅನ್ನು ಸುಮಾರು ಶೇ 70ರಷ್ಟು ಇಳಿಸಿತು, ಅದೂ ಒಂದೇ ವರ್ಷದಲ್ಲಿ ಆದದ್ದಲ್ಲ. ಲೆಕ್ಕವನ್ನು ಮರಿ, ಬೆಳೆಯುವ ಹಂದಿ, ತಾಯಿ ಹಂದಿ ಎಂದು ಮೂರು ಭಾಗ ಮಾಡಿ ನೋಡಿ. ಮರಿಗಳ ಪಾಲೇ ಅರ್ಧಕ್ಕಿಂತ ಹೆಚ್ಚಿದ್ದರೆ ಮೊಲೆ ಬಿಡಿಸುವ ವಯಸ್ಸನ್ನು ಒಂದು ವಾರ ಮುಂದೂಡಿ, ಬೇರೇನನ್ನೂ ಬದಲಿಸದೆ ಮೂರು ಸೂಲು ನೋಡಿ. ಆಮೇಲೆ ಮೇವಿನ ಪ್ರೋಟೀನ್, ಆಮೇಲೆ ಬಿಸಿ, ಹೀಗೆ ಒಂದೊಂದಾಗಿ ಬದಲಿಸಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಫಲ ಕೊಟ್ಟಿತೆಂದು ಪುಸ್ತಕವೂ ಹೇಳಲಾರದು.